ಹೆಜ್ಜೆ ಬೀಳದ ನೆಲ

ಮಾರ್ಲಿಸ್ ಪ್ಯಾನ್‌ಕೇಕಿಗೆ ಹಿಟ್ಟು ಕಲಸುತ್ತಿದ್ದಳು. ಏಳು ವರ್ಷದ ಮಗಳು ಬ್ರಿಟಾ ಕುರ್ಚಿ ಹತ್ತಿ, ಮೇಲಿನ ಹಲಗೆಯಲ್ಲಿದ್ದ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದಳು.

“ಅದನ್ನ ಮುಟ್ಬೇಡ!”

ಸೌಟು ಕೆಳಗೆ ಬಿತ್ತು. ಮಗಳ ಮೇಲೆ ಎಂದೂ ದನಿಯೇರಿಸದ ತಾಯಿ. “ಖಾಲಿ ಡಬ್ಬ, ಪುಟ್ಟಿ,” ಎಂದು ಅವಳನ್ನು ಇಳಿಸಿ ತಲೆ ಸವರಿದಳು. ಬ್ರಿಟಾ ಏನೋ ಕೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಮೂರು ದಿನದಿಂದ ಹೀಗೇ.

ಹೊರಗೆ ಹಾರ್ನ್ ಕೇಳಿಸಿತು. ಊರಿನ ಇತಿಹಾಸ ಸಂಘದ ಮುದುಕ ಆರ್ವಿಡ್ ಬಂಗಾರದ ಬಣ್ಣ ತಂದಿದ್ದ. ಹಿಟ್ಟು ಹಾಗೇ ಉಳಿಯಿತು; ಮೂವರೂ ಹೆದ್ದಾರಿಯ ಕಡೆ ಹೊರಟರು.

ಚಳಿಗಾಲದಲ್ಲಿ ಹೆದ್ದಾರಿ ಬದಿಯ ಸ್ಮಾರಕ ಫಲಕವನ್ನು ಯಾರೋ ಗುದ್ದಿ ಕೆಡವಿದ್ದರು. ಯಾವನೋ ಕುಡುಕ ಎಂದಿತ್ತು ಊರು. ಮಾರ್ಲಿಸ್ ತನ್ನ ಪಿಕಪ್ಪಿನ ನಜ್ಜುಗುಜ್ಜಾದ ಬಂಪರನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ದುರಸ್ತಿಗೆ ತಾನೇ ಮುಂದೆ ಬಂದಿದ್ದಳು. ಫಲಕದ ಮೇಲಿದ್ದದ್ದು ಅವಳ ಮುತ್ತಜ್ಜನ ಹೆಸರು. ನಾಳೆ ಊರಿಗೆ ನೂರೈವತ್ತು ತುಂಬುತ್ತದೆ. ಅಷ್ಟರಲ್ಲಿ ಅದು ನಿಲ್ಲಲೇಬೇಕು.

ಆರ್ವಿಡ್ ಹೊಸ ಕಂಬವನ್ನು ಅಲುಗಾಡಿಸಿ ನೋಡಿದ. “ಎಷ್ಟು ಆಳ ತೋಡ್ದೆ ಮಾರಾಯ್ತಿ? ಪಾತಾಳದ ತನಕವಾ?”

“ನಾಲ್ಕಡಿ. ಹಳೇದು ಎರಡೇ ಅಡಿ ಇತ್ತು. ನೆಲ ಹೆಪ್ಪುಗಟ್ಟಿದ್ರೆ ಕಂಬ ಮೇಲೆದ್ದು ಬರುತ್ತೆ.”

“ಕಾಂಕ್ರೀಟಿಗೂ ಅವಸರ! ಮೂರು ದಿನದ ಹಿಂದೇನೇ ಸುರಿದಿದ್ದೀಯ. ನಾನು ಬರೋ ತನಕ ಕಾಯ್ಬಾರದಿತ್ತಾ?” ಆಮೇಲೆ ಕಣ್ಣು ಮಿಟುಕಿಸಿದ. “ನಾಳೆ ನದಿಯಾಚೆಯ ಡಕೋಟಾ ಬುಡಕಟ್ಟಿನವರನ್ನೂ, ಅದೇ ಮಣಿ ಚಪ್ಪಲಿಯವರನ್ನ, ಕರೆದಿದ್ದೀವಿ. ಮೊದಲು ಬಂದೋರು ಯಾರು ಅಂತ ಓದ್ಕೊಂಡು ಹೋಗ್ಲಿ.”

ಅಕ್ಷರಕ್ಕೆ ಬಣ್ಣ ತುಂಬುತ್ತಿದ್ದ ಮಾರ್ಲಿಸ್ ಕುಂಚ ಕೆಳಗಿಟ್ಟಳು. ಮಗಳು ಅವಳನ್ನೇ ನೋಡುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು.

“ಆರ್ವಿಡಜ್ಜ, ಇದನ್ನ ಕೆಡವಿದ್ದು ನಾನೇ. ಮಂಜುಗಡ್ಡೆ ಮೇಲೆ ಗಾಡಿ ಜಾರ್ತು.”

ಮುದುಕ ಹೊಟ್ಟೆ ಹಿಡಿದು ನಕ್ಕ. “ನಿನ್ನ ಬಂಪರ್ ಕಥೆ ಇಡೀ ಊರಿಗೇ ಗೊತ್ತು ಕಣೇ! ಮುತ್ತಜ್ಜನಿಗೇ ಗುದ್ದಿದ ಮರಿಮಗಳು ಅಂತ ಕಾಫಿ ಅಂಗಡೀಲಿ ದಿನಾ ಇದೇ ಮಾತು. ಇಷ್ಟಕ್ಕಾ ಇಷ್ಟು ಸೊರಗಿದ್ದು?”

ಮಾರ್ಲಿಸ್ ನಗಲು ನೋಡಿದಳು. ಎದೆ ಹಗುರಾಗಲಿಲ್ಲ.

“ಬಾರೇ ಪುಟ್ಟಿ, ಓದು. ನಾಳೆ ಎಲ್ಲರ ಮುಂದೆ ನೀನೇ ಓದ್ಬೇಕು,” ಎಂದ ಆರ್ವಿಡ್.

ಬ್ರಿಟಾ ಒದ್ದೆ ಅಕ್ಷರಗಳ ಕೆಳಗೆ ಬೆರಳು ಸರಿಸುತ್ತ ಓದಿದಳು: “ಹಾಲ್ವರ್ ನೆಸ್ಟೆಗಾರ್ಡ್ ಇಲ್ಲಿ ಮೊದಲ ಮನೆ ಕಟ್ಟಿದನು. ಅದಕ್ಕೂ ಮುನ್ನ ಈ ನೆಲದ ಮೇಲೆ ಮನುಷ್ಯರ ಹೆಜ್ಜೆ ಬಿದ್ದಿರಲಿಲ್ಲ.”

ಬೆರಳು ಅಲ್ಲೇ ನಿಂತಿತು. ಅವಳು ತಾಯಿಯ ಕಡೆ ತಿರುಗಿದಳು.

“ಹಾಗಾದ್ರೆ ಅಮ್ಮಾ, ಈ ಗುಂಡಿಯ ತಳದಲ್ಲಿ ಬರೀ ಎಲುಬಾಗಿ ಮಲಗಿತ್ತಲ್ಲ ಒಂದು ಪಾಪು, ಅದರ ಮಣಿ ಹೊಲಿದ ಚಪ್ಪಲೀನ ನೀನು ಡಬ್ಬದಲ್ಲಿ ಬಚ್ಚಿಟ್ಟಿದ್ದೀಯಲ್ಲ, ಅದು ಯಾರ ಪಾಪು?”