ಸೊನ್ನೆಯ ಕೆಳಗೆ

ಮೂಲೆಯ ಚೌಕದಲ್ಲಿದ್ದ ಮೂವತ್ತು ಡಿಗ್ರಿಯನ್ನು ಅರವತ್ತು ಮಾಡಿ ಅನುರಾಧಾ ಎಂಟರ್ ಒತ್ತಿದಳು. ಎಕ್ಸೆಲ್ ಹಾಳೆಯೊಳಗಿನ ಮಗ್ಗ ಮಗ್ಗುಲು ಬದಲಿಸಿತು.

ಬೆಟಗೇರಿಯ ಹಳೆಯ ಮನೆ ಕೆಡವಿ ಹೊಸದು ಕಟ್ಟಿದಂದಿನಿಂದ ಅಜ್ಜ ಅಂದಪ್ಪನ ಕೈಮಗ್ಗ ಬಿಡಿಬಿಡಿಯಾಗಿ ಹಿತ್ತಲಲ್ಲಿ ಬಿದ್ದಿತ್ತು. ರವಿವಾರ ಬಂದು ಒಯ್ಯುವಂತೆ ಕಟ್ಟಿಗೆ ಅಡ್ಡೆಯವನಿಗೆ ಅಣ್ಣ ಆನಂದ ಹೇಳಿಯೂ ಆಗಿತ್ತು. ಖಾಲಿ ಇದ್ದದ್ದು ಮೇಲಿನ ಖೋಲಿ ಒಂದೇ. ಮಗ್ಗ ಅದರಲ್ಲಿ ಹಿಡಿಸುತ್ತದೆಂದು ಮೊದಲೇ ತೋರಿಸಿದರೆ ಮಾರುವುದನ್ನು ಬಿಟ್ಟುಬಿಡುವೆನೆಂದು ತಂಗಿಗೆ ಸವಾಲು ಹಾಕಿದ್ದ. ಆಫೀಸಿನಲ್ಲಿ ಹಾಜರಿ ತುಂಬುವ ಅನುರಾಧಾಗೆ ಬರುತ್ತಿದ್ದುದು ಎಕ್ಸೆಲ್ ಮಾತ್ರ. ಎಂಟು ದಿನ ಕೂತು, ಒಂದೊಂದು ಮರದ ಉದ್ದ, ಅಗಲ, ಎತ್ತರ ಅಳೆದು ಚೌಕಗಳಲ್ಲಿ ತುಂಬಿ, ಶಾಲೆಯಲ್ಲಿ ಕಲಿತು ಮರೆತಿದ್ದ ಸೈನು, ಕೊಸೈನುಗಳನ್ನು ಹೆಣೆದು, ಎಲ್ಲ ಬದಿಯಿಂದಲೂ ಕಾಣುವ ಮಗ್ಗವನ್ನೇ ಎಬ್ಬಿಸಿದ್ದಳು.

"ಹಿಡಸ್ತೈತಿ ಬಿಡು," ಎಂದು ಆನಂದ ಸೋತ ಮುಖ ಮಾಡಿದ.

ಅಜ್ಜ ಪರದೆಯತ್ತ ಕುರ್ಚಿ ಎಳೆದುಕೊಂಡ. ತಿರುಗಿಸು ಎಂದು ಬೆರಳಲ್ಲೇ ಸನ್ನೆ ಮಾಡಿದ. ತೊಂಬತ್ತು. ನೂರೆಂಬತ್ತು. ಬಗ್ಗಿ, ಪರದೆಯ ಕೆಳ ಅಂಚಿನಲ್ಲಿ ಏನೋ ಹುಡುಕಿದ. ಆ ಹುಡುಕಾಟ ಅವಳಿಗೆ ಚಿಕ್ಕಂದಿನಿಂದ ಗೊತ್ತು; ಎಲ್ಲೋ ಎಳೆ ಹರಿದಿದೆ ಎಂದೇ ಅರ್ಥ.

"ಭಾಳ ಚಂದ ಆಗೈತಿ, ಅನೂ. ಕಾಲು ಎಲ್ಲಿ ಇಳಿಬಿಡ್ಲಿ?"

ಅನುರಾಧಾಳ ಕೈ ಕೀಲಿಮಣೆಯ ಮೇಲೆ ನಿಂತೇಬಿಟ್ಟಿತು. ನೇಕಾರ ನೆಲದ ಮೇಲೆ ಕೂತು ಕಾಲು ಇಳಿಬಿಟ್ಟು ಮಗ್ಗದ ಹಲಗೆ ತುಳಿಯುವ ತಗ್ಗು, ಕುಣಿ! ಹಿತ್ತಲಲ್ಲಿ ಬಿದ್ದ ಕಟ್ಟಿಗೆಯನ್ನೆಲ್ಲ ಅಳೆದಿದ್ದಳು. ಕುಣಿಗೆ ಕಟ್ಟಿಗೆ ಇರಲಿಲ್ಲ. ನೆಲವೆಂದರೆ ಸೊನ್ನೆ, ಅದರ ಕೆಳಗೆ ಏನೂ ಇಲ್ಲ ಎಂದು ಹಾಳೆಗೆ ಹೇಳಿಕೊಟ್ಟಿದ್ದಳು.

"ಮ್ಯಾಲಿನ ಖೋಲಿ ಕೊರದ್ರ ಕೆಳಗ ಅಡಗಿಮನಿ," ಎಂದ ಅಜ್ಜ. "ನಿಮ್ಮಜ್ಜಿ ರೊಟ್ಟಿ ಬಡಿಯೂಮುಂದ ನನ್ನ ಕಾಲು ಆಕಿ ತಲಿ ಮ್ಯಾಲ ಆಡ್ತಾವು. ಐವತ್ತು ವರ್ಷದ ಸೇಡು ಒಂದ ದಿನಕ್ಕ ತೀರತೈತಿ ನೋಡು."

ಆನಂದ ಬಿದ್ದು ಬಿದ್ದು ನಕ್ಕ. ಹಂಗಾದರೆ ರವಿವಾರ ಅಡ್ಡೆಯವ ಬರುವುದೇ ಖಾಯಂ ಎಂದ.

ಅನುರಾಧಾ ನಗಲಿಲ್ಲ. ಅಂಕಿಗಳನ್ನು ತಿದ್ದಿ, ಮಗ್ಗವನ್ನು ಕೆಳಗಿನ ಮುಂಬದಿಯ ಖೋಲಿಗೆ ಇಳಿಸಿದಳು. ಆಮೇಲೆ ಎತ್ತರದ ಸಾಲಿನಲ್ಲಿ ಮೊದಲ ಬಾರಿಗೆ ಮೈನಸ್ ಒತ್ತಿ ಎರಡೂವರೆ ಅಡಿ ಬರೆದಳು. ಪರದೆಯ ಮೇಲೆ ನೆಲ ಬಾಯಿ ತೆರೆಯಿತು.

"ಅಲ್ಲಿ ನನ್ನ ಬೈಕ್ ನಿಂದ್ರತೈತಿ," ಎಂದ ಆನಂದ. ಈಗ ಅವನ ನಗು ನಿಂತಿತ್ತು. "ಅದನ್ನೆಲ್ಲಿ ಇಡ್ಲಿ?"

ಅಂದಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕುರ್ಚಿಯ ಕೆಳಗೆ ಅವನ ಪಾದಗಳು ಒಂದಾದ ಮೇಲೊಂದು ನೆಲ ಒತ್ತತೊಡಗಿದ್ದವು.

"ಮ್ಯಾಲಿನ ಖೋಲ್ಯಾಗ ಇಡು," ಎಂದ ಅಜ್ಜ. "ಅದೇನು ಕಾಲು ಇಳಿಬಿಡೂದಿಲ್ಲ."