ಮರಿಗಾಲದ ಪೊರೆ

ಮಣ್ಣು ಹೊರಲೆಂದು ಮರಿಯಿಂದ ಸಾಕಿದ, ಈಗ ಎಮ್ಮೆಯಷ್ಟು ಬೆಳೆದ ಮಣ್ಣುನುಸಿ ಕೊಟ್ಟಿಗೆಯಲ್ಲಿ ನಿಂತು ಕಾಡಿನ ತರಗೆಲೆ ಮೇಯುತ್ತಿತ್ತು. ಸಣ್ಣತಾಯಮ್ಮನ ತಮ್ಮ ಜವರ ಉಳಿ ಹಿಡಿದು ಬಂದದ್ದೇ ತಡ, ಅದರ ತಲೆಯ ಎರಡು ಗುಳಿಗಳಲ್ಲಿ ನೆಟ್ಟಗೆ ನಿಂತಿದ್ದ ಕೂದಲು ಅದುರಿದವು. ಎಂಟೂ ಕಾಲು ಒಳಗೆಳೆದುಕೊಂಡು, ತಲೆ ಮಡಚಿ, ಪೆಟ್ಟಿಗೆಯಂತೆ ಮುಚ್ಚಿಕೊಂಡಿತು.

“ನೋಡಕ್ಕ, ಹೆಂಗಾಡ್ತದೆ! ಬೆನ್ ಮ್ಯಾಲಿನ ಹಳೇ ಪೊರೆ ಕಿತ್ತಾಕುದ್ರೆ ತಾನೆ ಮಣ್ಣು ಹೊರೋ ದೊಡ್ಡ ಪುಟ್ಟಿ ಕೂರೋದು?”

“ತಡ್ಕೊಳ್ಳಾ, ಒಂದ್ಸಲ ತೊಳೀತೀನಿ.”

ಬೆಳೆದಂತೆಲ್ಲ ಕಳಚಿದ ಪೊರೆಗಳನ್ನು ಅದು ಬಿಸಾಡದೆ ಒಂದರ ಮೇಲೊಂದು ಹೊತ್ತುಕೊಂಡೇ ಇತ್ತು. ಎಲ್ಲಕ್ಕೂ ಮೇಲಿನದು ಊಟದ ತಟ್ಟೆಯಗಲ, ಆರೇ ಕಾಲಿನ ಮರಿಯಾಗಿದ್ದಾಗಿನದು. ಮರಿ ತಂದ ದಿನ, ಬೆನ್ನು ಇನ್ನೂ ಮೆತ್ತಗಿರುವಾಗಲೇ, ಮನೆಯ ಮಗುವಿನ ಅಂಗೈ ಒತ್ತಿಸುವುದು ಆ ಸೀಮೆಯ ವಾಡಿಕೆ. ಅಂದು ಅಪ್ಪ ಪುಟ್ಟ ಸಣ್ಣತಾಯಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒತ್ತಿಸಿದ್ದ. ಅವನ ಬೀಡಿಯ ವಾಸನೆ ಅವಳಿಗೆ ನೆನಪಿತ್ತು, ಮುಖ ಮಾಸಿಹೋಗಿತ್ತು.

ಅವಳು ನೀರು ಹುಯ್ದು ಉಜ್ಜಿದಂತೆ, ಆ ಮೇಲಿನ ಪೊರೆಗೆ ವರ್ಷಗಟ್ಟಲೆ ಮೆತ್ತಿದ್ದ ಕೊಳೆ ಕರಗಿ ಪುಟ್ಟ ಅಂಗೈ ಕಾಣಿಸಿತು. ಜೊತೆಗೆ, ಅವಳು ಎಂದೂ ಗಮನಿಸದ ನಾಲ್ಕು ತಗ್ಗುಗಳು. ಆ ಎಳೆ ಬೆರಳುಗಳಿಂದಾಚೆ, ದೊಡ್ಡವರ ಬೆರಳ ತುದಿಗಳು. ಮಗಳ ಕೈ ಮೇಲೆ ತನ್ನ ಕೈಯಿಟ್ಟು ಅದುಮಿದ್ದ ಅಪ್ಪ.

“ಉಳಿ ಒಳಗ್ ಮಡಗ್ಲಾ. ಸಣ್ಣ ಪುಟ್ಟಿನೇ ಸಾಕು.”

“ಯಾಕಕ್ಕ?”

ಅವಳು ಆ ಗುರುತಿನ ಮೇಲೆ ಅಂಗೈಯಿಟ್ಟಳು. ಅವಳ ಬೆರಳ ತುದಿಗಳು ಈಗ ಸರಿಯಾಗಿ ಆ ನಾಲ್ಕು ತಗ್ಗುಗಳಲ್ಲಿ ಕೂತವು.