ಹಿರಿಯರ ಎಣ್ಣೆ

ಎಣ್ಣೆಯ ಶೀಸೆಯಲ್ಲಿ ಬೆರಳು ಅದ್ದಿದ ಜ್ಞಾನಪ್ಪನವರು ಸಲೋಮಿಯ ಹಣೆ ಮುಟ್ಟುವ ಮೊದಲು ಅವಳ ಪಾದ ನೋಡಿದರು. ಎಂಟು ತಿಂಗಳ ಬಸುರಿಯ ಪಾದಗಳು ಊದಿ ಗೆಣ್ಣುಗಳೇ ಕಾಣುತ್ತಿರಲಿಲ್ಲ. “ತಲೆ ಸಿಡೀತಿದೆ ತಾತ. ಬೆಳಗ್ಗೆಯಿಂದ ಎಲ್ಲಾ ಮಂಜುಮಂಜಾಗಿ ಕಾಣ್ತಿದೆ,” ಎಂದಳು ಅವಳು.

ಮೇಲೂರಿನ ಆ ಪುಟ್ಟ ಕ್ರೈಸ್ತ ಸಭೆಗೆ ಜ್ಞಾನಪ್ಪನವರೇ ಹಿರಿಯರು. ಕಾಯಿಲೆ ಬಂದರೆ ಸಭೆಯ ಹಿರಿಯರನ್ನು ಕರೆಯಬೇಕು, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಎಂದು ಜನರಿಗೆ ಕಲಿಸಿದವರೂ ಅವರೇ. ಸಲೋಮಿಯ ಅತ್ತೆ ರಾಹೇಲಮ್ಮನ ಮಂಡಿನೋವು ಅವರ ಪ್ರಾರ್ಥನೆಯಿಂದಲೇ ವಾಸಿಯಾಯಿತೆಂದು ಇಡೀ ಬೀದಿ ನಂಬಿತ್ತು. ಈಗ ಆ ನಂಬಿಕೆಯೇ ಅವರನ್ನು ಹೆದರಿಸಿತು. ತಾನು ಪ್ರಾರ್ಥಿಸಿ ಎದ್ದುಹೋದರೆ ಇವರು ನಿಶ್ಚಿಂತೆಯಿಂದ ಮನೆಯಲ್ಲೇ ಉಳಿದುಬಿಡುತ್ತಾರೆ. ಅವರು ಎಣ್ಣೆಯ ಶೀಸೆಯನ್ನು ಪಕ್ಕಕ್ಕಿಟ್ಟರು.

“ಮೊದಲು ಆಸ್ಪತ್ರೆಗೆ ಹೋಗಣ,” ಎಂದರು.

“ಇದೇನಣ್ಣ, ಹಿರಿಯರಾಗಿ ನಿಮಗೇ ನಂಬಿಕೆ ಇಲ್ವಾ?” ರಾಹೇಲಮ್ಮ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಸಭೆಯವರೆಲ್ಲ ಜ್ಞಾನಪ್ಪನವರನ್ನೇ ನೋಡುತ್ತಿದ್ದರು. ನಾಳೆಯಿಂದ ಇವರು ತನ್ನನ್ನು ಹಿರಿಯನೆಂದು ಒಪ್ಪುವುದೇ ಅನುಮಾನ ಅನ್ನಿಸಿತು ಅವರಿಗೆ.

“ನಂಬಿಕೆ ಇದೆ ಕಣಮ್ಮ. ಆದ್ರೆ ಈ ಕಾಲೂತ, ತಲೆನೋವು, ಕಣ್ಣು ಮಂಜಾಗೋದು ನೋಡಿ ನಂಗೆ ಭಯ ಆಗ್ತಿದೆ, ತಾಯಿ-ಮಗು ಇಬ್ರಿಗೂ ಅಪಾಯ ಆಗ್ಬಹುದು. ಆಟೋ ಕರೀರಿ, ನಾನೂ ಬರ್ತೀನಿ. ದಾರಿ ಉದ್ದಕ್ಕೂ ಪ್ರಾರ್ಥನೆ ಮಾಡ್ತೀನಿ.”

ಯಾರೂ ಅಲುಗಾಡಲಿಲ್ಲ. ಆಗ ಸಲೋಮಿ ಗೋಡೆ ಹಿಡಿದು ತಾನೇ ಎದ್ದು ನಿಂತಳು. “ನಂಗೂ ಭಯ ಆಗ್ತಿತ್ತು ಅತ್ತೆ,” ಎಂದಳು. “ಹೇಳೋಕೆ ಧೈರ್ಯ ಬರ್ಲಿಲ್ಲ, ಅಷ್ಟೆ.”